ರಂಗೋಲಿ ತುಳಿಯದ ತಪ್ಪಿಗೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿದ್ದದ್ದು ಊರು ಉದ್ಧಾರ ಮಾಡುವ ಚಟ. ಮೊದಲೆರಡಕ್ಕಿಂತ ಇದು ಕೆಟ್ಟದ್ದು. ನಶ್ಯ ಏರಿಸಿದವನು ನಾಲ್ಕು ಸಲ ಸೀನಿ ಸುಮ್ಮನಾಗುತ್ತಾನೆ, ಇಸ್ಪೀಟಿನವನು ಸೋತು ಸುಣ್ಣವಾಗಿ ಮನೆಗೆ ಬರುತ್ತಾನೆ. ಊರು ಉದ್ಧಾರ ಮಾಡುವವನಿಗೆ ಮಾತ್ರ ಸಭೆಯಲ್ಲಿ ಹತ್ತು ಜನ ಚಪ್ಪಾಳೆ ತಟ್ಟಿಬಿಟ್ಟರೆ ತನ್ನ ಮನೆ ಎಲ್ಲಿದೆ ಎನ್ನುವುದೇ ಮರೆತುಹೋಗುತ್ತದೆ. ನನಗೆ ಮರೆತದ್ದೂ ಅದೇ. ದೊಡ್ಡಬಳ್ಳಾಪುರದ ಪೇಟೆ ಬೀದಿಯನ್ನು ಅಗಲ ಮಾಡಬೇಕೆಂದು ಮುಕ್ಕಾಲು ಗಂಟೆ ಭಾಷಣ ಮಾಡಿದ ನಾನು, ಅದೇ ಬೀದಿಯ ನಟ್ಟನಡುವೆ ವಾಸವಾಗಿದ್ದೆ.

ಯುದ್ಧ ಮುಗಿದರೂ ರೇಷನ್ ಮುಗಿಯದಿದ್ದ ಕಾಲ ಅದು. ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡ ಬೆಂಗಳೂರು ಬಸ್ಸು ಕೆಮ್ಮುತ್ತ ಪೇಟೆ ಬೀದಿಗೆ ಬರುತ್ತಿತ್ತು. ನೇಕಾರರು ಬೀದಿಯುದ್ದಕ್ಕೂ ನೂಲು ಹಾಸಿ ಗಂಜಿ ಹಾಕುವ ಹೊತ್ತಿಗೆ ಬಸ್ಸೇನಾದರೂ ಬಂತೋ, ಆಮೇಲೆ ಅರ್ಧ ಗಂಟೆ ಬೈಗುಳ. ಡ್ರೈವರು ನೇಕಾರರನ್ನು, ನೇಕಾರರು ಡ್ರೈವರನ್ನು, ಬಸ್ಸಿನೊಳಗಿದ್ದವರು ಇಬ್ಬರನ್ನೂ. ಎರಡೂ ಕಡೆ ಮನೆಗಳ ಜಗಲಿಗಳು ಬೀದಿಗೆ ಚಾಚಿಕೊಂಡಿದ್ದರಿಂದ ನಡುವೆ ಉಳಿದಿದ್ದ ದಾರಿ ಹದಿನೆಂಟೇ ಅಡಿ.

ನಮ್ಮ ಜಗಲಿಯ ವಿಷಯ ಹೇಳಲೇಬೇಕು. ಅಗಲ ನಾಲ್ಕೂವರೆ ಅಡಿ, ಮೂಲೆಯಲ್ಲಿ ಒಂದು ಮರದ ಕಂಬ. ನಮ್ಮ ತಂದೆ ಒರಗಿ ಒರಗಿ ನುಣುಪು ಮಾಡಿದ್ದ ಆ ಕಂಬಕ್ಕೆ ಒರಗಿಕೊಂಡು ನಾನು ದಿನಾ ಸಂಜೆ ಪತ್ರಿಕೆ ಓದಿ ಹೇಳುತ್ತಿದ್ದೆ. ಹತ್ತು ಹನ್ನೆರಡು ಜನ ಸೇರುತ್ತಿದ್ದರು. ನಾನು ಪಾಠ ಹೇಳುತ್ತಿದ್ದ ಮಿಡ್ಲ್ ಸ್ಕೂಲಿನಲ್ಲಿ ನನ್ನ ಮಾತನ್ನು ಹೆಡ್‌ಮೇಷ್ಟ್ರು ಕೇಳುತ್ತಿರಲಿಲ್ಲ, ಮನೆಯೊಳಗೆ ಹೆಂಡತಿ ಸಾವಿತ್ರಿ ಕೇಳುತ್ತಿರಲಿಲ್ಲ. ಇವೆರಡರ ಮಧ್ಯೆ ನನ್ನ ಮಾತು ನಡೆಯುತ್ತಿದ್ದ ಜಾಗವೆಂದರೆ ಆ ನಾಲ್ಕೂವರೆ ಅಡಿ ಮಾತ್ರ. ಅಲ್ಲಿ ಕುಳಿತು ನಾನು ವೈಸ್‌ರಾಯರಿಗೆ ಬುದ್ಧಿ ಹೇಳಿದ್ದೇನೆ, ಪತ್ರಿಕೆಯಲ್ಲಿ ಸುದ್ದಿ ಸಪ್ಪೆಯಾಗಿದ್ದ ದಿನ ಕೈಯಿಂದ ಒಂದೆರಡು ಸಾಲು ಸೇರಿಸಿಯೂ ಓದಿದ್ದೇನೆ.

ಪುರಸಭೆಯವರು ಕರೆದ ಸಭೆಯಲ್ಲಿ ಬೀದಿ ಅಗಲ ಮಾಡುವುದನ್ನು ಖಡಾಖಂಡಿತ ವಿರೋಧಿಸಿದವರು ನಮ್ಮ ಎದುರುಮನೆಯ ಜವಳಿ ವ್ಯಾಪಾರಿ ಚಿಕ್ಕಣ್ಣನವರು. “ಬೀದಿ ಸಾಲ್ದು ಅಂದ್ರೆ ಬಸ್ಸನ್ನ ಸಣ್ಣದು ಮಾಡ್ಸಿ. ಅದು ಬಿಟ್ಟು ನಮ್ಮ ಜಗಲಿಗೆ ಯಾಕೆ ಕೈ ಹಾಕ್ತೀರಿ?” ಎಂದರು. ನಾನು ಎದ್ದೆ. ಎದ್ದವನು ನಾಗರಿಕತೆ, ಗಾಳಿ ಬೆಳಕು, ಮುಂದಿನ ಪೀಳಿಗೆ ಎಲ್ಲವನ್ನೂ ಮುಗಿಸಿ, ಕೊನೆಗೆ “ಊರಿಗಾಗಿ ನನ್ನ ಜಗಲಿ ಹೋದರೂ ಹೋಗಲಿ!” ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಹೋದರೂ ಹೋಗಲಿ ಎಂದು ಭಾಷಣದಲ್ಲಿ ಹೇಳಿದ್ದು ನಿಜವಾಗಿಯೂ ಹೋಗುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಧನುರ್ಮಾಸದ ಒಂದು ಬೆಳಿಗ್ಗೆ ಪುರಸಭೆಯ ಓವರ್ಸಿಯರು ಅಳತೆಗೆ ಬಂದರು. ಕ್ರಮ ಇಷ್ಟೇ: ಎರಡು ಜಗಲಿಗಳ ನಡುವೆ ಟೇಪು ಹಿಡಿದು, ಸರಿಯಾಗಿ ಮಧ್ಯಕ್ಕೆ ಗುರುತು ಮಾಡಿ, ಅಲ್ಲಿಂದ ಆಚೆಗೆ ಹನ್ನೆರಡಡಿ, ಈಚೆಗೆ ಹನ್ನೆರಡಡಿ. ಹೊಸ ಬೀದಿ ಇಪ್ಪತ್ತನಾಲ್ಕು ಅಡಿ. ಲೆಕ್ಕದ ಪ್ರಕಾರ ಎರಡೂ ಕಡೆಯವರು ಮೂರು ಮೂರು ಅಡಿ ಬಿಡಬೇಕು. ನನಗೆ ಒಂದೂವರೆ ಅಡಿ ಉಳಿಯುತ್ತದೆ, ಕಂಬಕ್ಕೆ ಒರಗಿ ಒಬ್ಬ ಕೂರಬಹುದು, ಕೇಳುವವರು ಬೀದಿಯಲ್ಲಿ ನಿಂತುಕೊಳ್ಳಲಿ ಎಂದು ಮನಸ್ಸಿನಲ್ಲೇ ಏರ್ಪಾಡು ಮಾಡಿಕೊಂಡಿದ್ದೆ. ಅಂದು ಟೇಪು ಹಿಡಿಯುವ ಜವಾನನಿಗೆ ಜ್ವರ. “ಅದಕ್ಕೇನಂತೆ, ನಾನಿಲ್ಲವೇ?” ಎಂದು ಪಂಚೆ ಎತ್ತಿ ಕಟ್ಟಿ ಮುಂದೆ ಬಂದವನು ನಾನೇ. ಯಾರೂ ಕರೆದಿರಲಿಲ್ಲ.

ಓವರ್ಸಿಯರು ನಮ್ಮ ಜಗಲಿಯ ಅಂಚಿಗೆ ಟೇಪಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ಹಿಡಿದುಕೊಂಡು ನಾನು ಚಿಕ್ಕಣ್ಣನವರ ಜಗಲಿಯತ್ತ ಹೊರಟೆ. ಅಲ್ಲಿ ನೋಡಿದರೆ ಜಗಲಿಯ ಮುಂದೆ ಮೂರಡಿ ಉದ್ದಕ್ಕೂ ಅಗಲಕ್ಕೂ ರಂಗೋಲಿ. ನಡುವೆ ಸಗಣಿಯುಂಡೆ, ಅದರ ಮೇಲೆ ಕುಂಬಳದ ಹೂವು. ಚಿಕ್ಕಣ್ಣನವರ ಹೆಂಡತಿ ಗಂಗಮ್ಮ ಬಾಗಿಲಲ್ಲೇ ನಿಂತಿದ್ದರು.

“ಅಯ್ಯೋ ಮೇಷ್ಟ್ರೇ, ನೋಡ್ಕೊಳ್ಳಿ! ಕೋಳಿ ಕೂಗೋ ಹೊತ್ಗೆ ಎದ್ದು ಹಾಕಿದೀನಿ.”

“ಛೆ ಛೆ, ತುಳಿಯೋದುಂಟೇನಮ್ಮಾ!” ಎಂದು ರಂಗೋಲಿಯ ಈಚೆಗೇ ನಿಂತೆ. ಚಿಕ್ಕಣ್ಣನವರು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತ ನನ್ನನ್ನೇ ನೋಡುತ್ತಿದ್ದರು. ಓವರ್ಸಿಯರು ಬಗ್ಗಿದಲ್ಲಿಂದಲೇ “ಹಿಡಿದ್ರಾ?” ಎಂದು ಕೂಗಿದರು. “ಹಿಡಿದೆ!” ಎಂದೆ. ಯಾವುದಕ್ಕೆ ಹಿಡಿದಿರಿ ಎಂದು ಅವರು ಕೇಳಲಿಲ್ಲ.

ಮಧ್ಯಾಹ್ನ ಸ್ಕೂಲಿಂದ ಬಂದಾಗ ಸುಣ್ಣದ ಗೆರೆ ನಮ್ಮ ಬಾಗಿಲುವಾಡಕ್ಕೆ ಅಂಟಿಕೊಂಡಿತ್ತು. ಜಗಲಿ ಪೂರ್ತಿ ಗೆರೆಯ ಆಚೆ. ಸಾವಿತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಮೂರಡಿ ಅಂದ್ರಿ. ನಾನು ಮೊಳ ಹಾಕಿ ನೋಡ್ದೆ, ನಮ್ದು ಮೂರು ಮೊಳವೂ ಹೋಗತ್ತೆ, ಪೂರ್ತಿ ನಾಲ್ಕೂವರೆ ಅಡಿ. ಎದುರುಮನೆಯವರದು ಒಂದೇ ಮೊಳ. ಇದ್ಯಾವ ನ್ಯಾಯಾರೀ?”

“ಸರ್ಕಾರದ ಅಳತೆ ಕಣೇ, ಅದೆಲ್ಲ ನಿನಗೆ ತಿಳಿಯೋಲ್ಲ” ಎಂದೆ. ನನಗೂ ತಿಳಿದಿರಲಿಲ್ಲ. ತಿಳಿದದ್ದು ಮಾರನೆಯ ಬೆಳಿಗ್ಗೆ, ಗಂಗಮ್ಮ ಮತ್ತೆ ರಂಗೋಲಿ ಹಾಕುತ್ತ, “ನಿನ್ನೆ ಒಂದು ಎಳೆ ಅಳಿಸ್ದಂಗೆ ನಿಂತ್ಕೊಂಡ್ರಲ್ಲ ಮೇಷ್ಟ್ರೇ, ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಎಂದಾಗ. ನಾನು ಹಿಡಿದ ತುದಿ ಜಗಲಿಗೆ ಮುಟ್ಟಿರಲೇ ಇಲ್ಲ. ಹದಿನೆಂಟಡಿ ಬೀದಿ ಟೇಪಿನಲ್ಲಿ ಹದಿನೈದಾಯಿತು, ಮಧ್ಯದ ಗುರುತು ಒಂದೂವರೆ ಅಡಿ ನಮ್ಮ ಕಡೆಗೆ ಸರಿಯಿತು. ಹುಡುಗರಿಗೆ ಇಪ್ಪತ್ತು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದವನು ನಾನು.

ತಕರಾರು ಹೇಳಲು ಎಂಟು ದಿನ ಗಡುವಿತ್ತು. ಅರ್ಜಿ ಬರೆದೆ. ಕೋಟಿನ ಜೇಬಿನಲ್ಲಿಟ್ಟುಕೊಂಡು ಪುರಸಭೆಗೆ ಹೋದರೆ ಬೀದಿಯವರೆಲ್ಲ ಅರ್ಜಿ ಹಿಡಿದು ಸಾಲುಗಟ್ಟಿ ನಿಂತಿದ್ದಾರೆ. ನನ್ನನ್ನು ಕಂಡದ್ದೇ ಅಧ್ಯಕ್ಷರು ಎದ್ದುನಿಂತು, “ನೋಡಿ, ನೋಡಿ ಕಲೀರಿ! ಎಲ್ಲರಿಗಿಂತ ಜಾಸ್ತಿ ಕಳ್ಕೊಳ್ತಿರೋರು ಮೇಷ್ಟ್ರು. ಸಭೇಲಿ ಆಡಿದ ಮಾತು ಉಳಿಸ್ಕೊಂಡ್ರು. ಒಂದು ತಕರಾರು ಎತ್ತಿದ್ರಾ?” ಎಂದರು. ಯಾರೋ ಓಡಿಹೋಗಿ ಸೇವಂತಿಗೆ ಹಾರ ತಂದರು. ಹಾರ ಎದೆಯ ಮೇಲೆ ಬಿತ್ತು. ಅದರ ಕೆಳಗೇ ಅರ್ಜಿ ಇತ್ತು. ತೆಗೆಯಬೇಕಾದರೆ ಹಾರ ಸರಿಸಬೇಕಾಗಿತ್ತು. ನನ್ನ ಕೈ ಏಳಲಿಲ್ಲ. ಹಾರ ಹಾಕಿಕೊಂಡೇ ಮನೆಗೆ ಬಂದೆ. ಸಾವಿತ್ರಿ ಅದನ್ನು ತೆಗೆದು ದೇವರ ಪಟಕ್ಕೆ ಹಾಕಿ, “ಇದರ ಮೇಲೆ ಕೂತ್ಕೊಂಡು ಪೇಪರ್ ಓದಿ ಇನ್ನು” ಎಂದಳು.

ಜಗಲಿ ಒಡೆದ ದಿನ ನಾನು ಸ್ಕೂಲಿಗೆ ರಜ ಹಾಕಿ ಹಿತ್ತಲಿನಲ್ಲಿ ಕೂತಿದ್ದೆ. ಹಾರೆಯ ಸದ್ದು ಅಲ್ಲಿಗೂ ಕೇಳುತ್ತಿತ್ತು. ಅಪ್ಪನ ಕಂಬವನ್ನು ದನದ ಕೊಟ್ಟಿಗೆಗೆ ಹಾಕಿಸಿದೆ. ಆಮೇಲೆ ಮನೆಯ ಮುಂಭಾಗದ ರಿಪೇರಿ ಶುರುವಾಯಿತು. ಸಿಮೆಂಟು ಸರ್ಕಾರದ ಕಂಟ್ರೋಲಿನಲ್ಲಿದ್ದು ಸಿಗದಿದ್ದುದರಿಂದ ಗಾರೆಯಲ್ಲೇ ಒಂದು ಮೆಟ್ಟಿಲು ಕಟ್ಟಿಸಿದೆ. ಬಾಗಿಲು ತೆಗೆದರೆ ನೇರ ಬೀದಿ. ಒಂದು ದಿನ ಬಸ್ಸಿನ ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, “ಏನ್ ಮೇಷ್ಟ್ರೇ, ಇವತ್ತು ಉಪ್ಪಿಟ್ಟಾ?” ಎಂದು ನಮ್ಮ ನಡುಮನೆಯನ್ನೇ ವಿಚಾರಿಸಿಕೊಂಡ.

ಪತ್ರಿಕೆ ಕೇಳುವವರು ನಾಲ್ಕು ದಿನ ಬೀದಿಯಲ್ಲಿ ನಿಂತರು. ಐದನೆಯ ದಿನ ಎದುರಿಗೆ ಚಿಕ್ಕಣ್ಣನವರಿಗೆ ಉಳಿದಿದ್ದ ಮೂರಡಿ ಜಗಲಿಯ ಮೇಲೆ ಕೂತರು. ನಾನೂ ಪತ್ರಿಕೆ ಮಡಚಿಕೊಂಡು ಬೀದಿ ದಾಟಿದೆ. ಚಿಕ್ಕಣ್ಣನವರು ತಮ್ಮ ಜಗಲಿಯ ಕಂಬದ ಪಕ್ಕ ಕೂತಿದ್ದವನನ್ನು, “ಏಳಪ್ಪಾ ಏಳು, ಅದು ಮೇಷ್ಟ್ರ ಜಾಗ” ಎಂದು ಎಬ್ಬಿಸಿ ನನ್ನನ್ನು ಕೂರಿಸಿದರು. ಅಂದಿನಿಂದ ದಿನವೂ ಅದೇ ಮರ್ಯಾದೆ. ನಾನು ತಡವಾಗಿ ಹೋದರೂ ಆ ಜಾಗ ಖಾಲಿ ಇರುತ್ತಿತ್ತು. ಜಗಲಿ ಹೋದರೇನು, ನನ್ನ ಓದಿಗಿರುವ ಗೌರವ ಹೋಗಲಿಲ್ಲವಲ್ಲ ಎಂದು ಸಾವಿತ್ರಿಯ ಹತ್ತಿರ ಜಂಬ ಕೊಚ್ಚಿಕೊಂಡದ್ದೂ ಉಂಟು.

ವರ್ಷ ಕಳೆದು ಮತ್ತೆ ಧನುರ್ಮಾಸ ಬಂತು. ಒಂದು ಸಂಜೆ ಉಳಿದವರು ಇನ್ನೂ ಬಂದಿರಲಿಲ್ಲ. ಗಂಗಮ್ಮನ ರಂಗೋಲಿ ನೋಡುತ್ತ ನೋಡುತ್ತ ನನಗೆ ತಡೆಯಲಾಗಲಿಲ್ಲ. “ಚಿಕ್ಕಣ್ಣನವರೇ, ನಿಮಗೊಂದು ವಿಷಯ ಹೇಳಬೇಕು. ಆವತ್ತು ಟೇಪು ಹಿಡಿದಾಗ...” ಎಂದು ಶುರುಮಾಡಿದೆ.

“ಗೊತ್ತು ಬಿಡಿ ಮೇಷ್ಟ್ರೇ” ಎಂದರು. “ಅಲ್ಲೇ ನಿಂತಿದ್ನಲ್ಲ. ಹೇಳಣ ಅಂದ್ರೆ ಬಾಯ್ತುಂಬ ಬೇವಿನ ಕಡ್ಡಿ. ಉಗಿದು ಬರೋ ಹೊತ್ಗೆ ನೀವು ಟೇಪು ಸುತ್ತಿಬಿಟ್ಟಿದ್ರಿ. ಆಮೇಲೆ ನೀವೇ ಹಾರ ಹಾಕಿಸ್ಕೊಂಡು ಬಂದ್ರಿ, ಇನ್ನೇನ್ ಹೇಳೋದು?” ಕಂಬದ ಪಕ್ಕ ಕೈ ತಟ್ಟಿದರು. “ಅದಕ್ಕೇ ಅಲ್ವಾ ಇಲ್ಲಿ ಇನ್ಯಾರ್ನೂ ಕೂರಿಸ್ದೆ ಇರೋದು? ಈ ಒಂದೂವರೆ ಅಡಿ ನಿಮ್ದೇ.”

ನನ್ನ ಜಂಬವೆಲ್ಲ ಇಳಿದುಹೋಯಿತು. ಆದರೂ ಆಸೆ ಬಿಡಲಿಲ್ಲ.

“ಹಾಗಾದರೆ ನನ್ನ ಓದು?”

“ಓದಾ? ಓದಿ, ಓದಿ” ಎಂದರು ಚಿಕ್ಕಣ್ಣನವರು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತ. “ಜಾಗ ಬಿಟ್ಟುಕೊಟ್ಟಿದೀರಿ, ಅಷ್ಟೂ ಕೇಳ್ದೆ ಇದ್ರೆ ಆಗತ್ತಾ?”

ನಾನು ಕನ್ನಡಕ ಹಾಕಿಕೊಂಡು ಪತ್ರಿಕೆ ಬಿಡಿಸಿದೆ.