ಟಿಶ್ಯೂ ಪೊಟ್ಟಣದ ಮರ್ಯಾದೆ

ಬೂನ್ ಕಿಯಾಟ್‌ನ ಜೇಬಿನಲ್ಲಿ ಆವತ್ತು ಟಿಶ್ಯೂ ಪೊಟ್ಟಣ ಇರಲಿಲ್ಲ. ಸಿಂಗಪುರದಲ್ಲಿ ಹುಟ್ಟಿ ಬೆಳೆದು ಮೂವತ್ತು ದಾಟಿದ ಗಂಡಸು ಮಧ್ಯಾಹ್ನ ಹನ್ನೆರಡೂವರೆಗೆ ಟಿಶ್ಯೂ ಇಲ್ಲದೆ ಕ್ಯಾಂಟೀನಿಗೆ ಹೋಗುತ್ತಾನೆ ಎಂದರೆ ಅವನ ತಲೆ ಬೇರೆಲ್ಲೋ ಇದೆ ಎಂದೇ ಲೆಕ್ಕ.

ತಲೆ ಇದ್ದದ್ದು ಅವನ ಕೈಯಲ್ಲಿದ್ದ ಡಬ್ಬಿಯಲ್ಲಿ. ಬೆಂಕಿಪೊಟ್ಟಣದಷ್ಟು ದೊಡ್ಡದಾದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಕಿರುಬೆರಳ ಉಗುರಿನಷ್ಟು ಸಿಲಿಕಾನ್ ಚೂರು. ಆ ಚೂರಿನ ಮೇಲೆ ಎರಡು ಪದರ ಗ್ರಾಫೀನ್, ಒಂದರ ಮೇಲೊಂದು, ಒಂದು ಡಿಗ್ರಿಗಿಂತ ಸ್ವಲ್ಪವೇ ಹೆಚ್ಚು ಓರೆಯಾಗಿ. ಅಷ್ಟು ಓರೆ ಕೂರಿಸಲು ಅವನಿಗೆ ನಾಲ್ಕು ತಿಂಗಳು ಹಿಡಿದಿತ್ತು. ಇನ್ನು ಅದನ್ನು ಮಹಾಚಳಿಯ ಯಂತ್ರದೊಳಗೆ ಇಟ್ಟು, ವಿದ್ಯುತ್ತು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೋ ಇಲ್ಲವೋ ನೋಡುವುದಷ್ಟೇ ಬಾಕಿ. ಯಂತ್ರದಲ್ಲಿ ಅವನ ಸರದಿ ಮೂರು ಗಂಟೆಗೆ. ಮಾರನೆಯ ದಿನದಿಂದ ಯಂತ್ರ ಎರಡು ತಿಂಗಳು ರಿಪೇರಿಗೆ ಹೋಗುತ್ತಿತ್ತು. ಅವನ ವಿದ್ಯಾರ್ಥಿವೇತನವೋ ಇನ್ನು ಆರೇ ವಾರ. ಇವತ್ತು ಅಳೆಯಲಿಲ್ಲವೆಂದರೆ ನಾಲ್ಕು ವರ್ಷದ ಪಿಎಚ್‌ಡಿ ನೀರಿನಲ್ಲಿ ಹೋಮ.

ಕ್ಯಾಂಟೀನ್ ಕಿಕ್ಕಿರಿದಿತ್ತು. ಮಧ್ಯದ ದಪ್ಪ ಕಂಬದ ಪಕ್ಕ ಒಂದು ಮೇಜು ಖಾಲಿ ಕಂಡಿತು. ಮೊದಲು ಟಿಶ್ಯೂ ಇಟ್ಟು ಜಾಗ ಹಿಡಿಯಬೇಕು, ಆಮೇಲೆ ಊಟದ ಸಾಲಿಗೆ ನಿಲ್ಲಬೇಕು. ಬಸ್ಸಿನ ಸೀಟಿಗೆ ಹಾಕಿದ ಟವೆಲನ್ನಾದರೂ ಎತ್ತಿ ಎಸೆಯುವ ಧೀರರು ಸಿಕ್ಕಾರು, ಈ ಊರಿನಲ್ಲಿ ಮೇಜಿನ ಮೇಲಿನ ಟಿಶ್ಯೂ ಎತ್ತುವವನು ಇನ್ನೂ ಹುಟ್ಟಿಲ್ಲ. ಬೂನ್ ಕಿಯಾಟ್ ಜೇಬುಗಳನ್ನೆಲ್ಲ ತಡಕಿದ. ಟಿಶ್ಯೂ ಇಲ್ಲ. ಫೋನು ಪ್ರಯೋಗಾಲಯದ ಲಾಕರಿನಲ್ಲಿ. ಹಿಂದಿನಿಂದ ತಟ್ಟೆ ಹಿಡಿದ ನಾಲ್ವರು ಬರುತ್ತಿದ್ದರು. ಡಬ್ಬಿಯನ್ನೇ ಮೇಜಿನ ಮೇಲಿಟ್ಟು ಓಡಿದ.

ಮೀನುಂಡೆಯ ನೂಡಲ್ಸ್ ಹಿಡಿದು ವಾಪಸು ಬಂದಾಗ ಕಂಬದ ಪಕ್ಕದ ಮೇಜಿನಲ್ಲಿ ಮೂರು ಹುಡುಗಿಯರು ಕೂತು ಅನ್ನ ತಿನ್ನುತ್ತಿದ್ದರು. ಡಬ್ಬಿ ಇಲ್ಲ. ಕೇಳಿದರೆ, ತಾವು ಬಂದಾಗ ಮೇಜಿನ ಮೇಲೆ ಏನೂ ಇರಲಿಲ್ಲ, ಇದ್ದಿದ್ದರೆ ಕೂರುತ್ತಲೇ ಇರಲಿಲ್ಲ, ತಮ್ಮನ್ನು ಏನೆಂದುಕೊಂಡಿದ್ದೀರಿ ಎಂದು ಅವರಿಗೇ ಕೋಪ ಬಂತು.

ಬೂನ್ ಕಿಯಾಟ್ ನೂಡಲ್ಸ್ ಬಟ್ಟಲನ್ನು ಸಿಕ್ಕ ಕಡೆ ಇಟ್ಟು ಮೊಣಕಾಲೂರಿ ಮೇಜಿನಡಿ ಹೊಕ್ಕ. ಹುಡುಗಿಯರು ಕಾಲು ಮೇಲೆತ್ತಿದರು. ಆ ಮೇಜಾದ ಮೇಲೆ ಪಕ್ಕದ್ದು, ಅದರ ಪಕ್ಕದ್ದು. ತಟ್ಟೆ ತೊಳೆಯುವ ಕಡೆಗೂ ಹೋಗಿ ಎಂಜಲು ಬಕೆಟ್ಟಿಗೆ ಕೈ ಹಾಕಿ ಬಂದ.

ಸಿಹಿ ತಿಂಡಿ ಅಂಗಡಿಯ ಸ್ವೀ ಗೆಕ್ ಆಂಟಿ ಇದನ್ನೆಲ್ಲ ನೋಡುತ್ತಿದ್ದಳು. ಮೂವತ್ತು ವರ್ಷದಿಂದ ಅಲ್ಲೇ ಅಂಗಡಿ, ಜೊತೆಗೆ ಕ್ಯಾಂಟೀನಿನ ಅಷ್ಟೂ ಮೇಜಿನ ಉಸ್ತುವಾರಿ ತನ್ನದೇ ಎಂದು ತಾನೇ ತೀರ್ಮಾನಿಸಿಕೊಂಡವಳು.

"ಏನಪ್ಪಾ ಕಳ್ಕೊಂಡೆ?"

"ಗ್ರಾಫೀನ್, ಆಂಟಿ."

"ಹೇಗಿರತ್ತೆ ನೋಡೋಕೆ?"

"ಕಣ್ಣಿಗೆ ಕಾಣಲ್ಲ."

ಆಂಟಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಕಾಣದೇ ಇರೋದನ್ನ ಕಳ್ಕೊಂಡೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಡಬ್ಬಿಯ ವಿಷಯವೊಂದನ್ನು ಹೇಳಿ ಮುಗಿಸಿ ಹುಡುಕಲು ಹೋಗಬಹುದಿತ್ತು. ಆದರೆ ಬೂನ್ ಕಿಯಾಟ್‌ನ ದೊಡ್ಡ ದೌರ್ಬಲ್ಯವೆಂದರೆ, ಗ್ರಾಫೀನ್ ಎಂದರೇನು ಎಂದು ಯಾರಾದರೂ ಕೇಳಿದರೆ ಮನೆಗೆ ಬೆಂಕಿ ಬಿದ್ದಿದ್ದರೂ ಅವನು ನಿಂತು ವಿವರಿಸುತ್ತಿದ್ದ. ಪೆನ್ಸಿಲ್ಲಿನೊಳಗಿನ ಕಪ್ಪು ವಸ್ತು ಪದರ ಪದರವಾಗಿರುತ್ತದೆ, ಅದನ್ನು ಅಂಟುಪಟ್ಟಿಗೆ ಅಂಟಿಸಿ, ಮಡಚಿ, ಬಿಡಿಸಿ, ಮತ್ತೆ ಮಡಚಿ ಬಿಡಿಸುತ್ತಾ ಹೋದರೆ ಕೊನೆಗೆ ಒಂದೇ ಪದರ ಉಳಿಯುತ್ತದೆ, ದಪ್ಪ ಒಂದು ಪರಮಾಣುವಿನಷ್ಟು, ಅದಕ್ಕಿಂತ ತೆಳುವಾಗಿಸಲು ಸಾಧ್ಯವೇ ಇಲ್ಲ ಎಂದ.

ಆಂಟಿಯ ಮುಖ ಅರಳಿತು. ಗಾಜಿನ ಪೆಟ್ಟಿಗೆಯಿಂದ ಬಣ್ಣ ಬಣ್ಣದ ಒಂಬತ್ತು ಪದರದ ಕುಎ ಲಾಪಿಸ್ ಎಂಬ ಹಲ್ವದಂಥ ಸಿಹಿಯ ತುಂಡೊಂದನ್ನು ತೆಗೆದು, ಮೇಲಿನ ಕೆಂಪು ಪದರವನ್ನು ಉಗುರಿನಿಂದ ಎಬ್ಬಿಸಿ ಹರಿಯದಂತೆ ಸುಲಿದಳು. "ಚಿಕ್ಕೋರಿದ್ದಾಗ ನಾವೆಲ್ಲ ಹೀಗೇ ಒಂದೊಂದೇ ಬಿಡಿಸ್ಕೊಂಡು ತಿಂತಿದ್ವಿ. ನಿಂಗೆ ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಸುತ್ತ ಏಳೆಂಟು ಜನ ಸೇರಿದರು. ಒಬ್ಬನಿಗೆ ಅದು ಉಕ್ಕಿಗಿಂತ ಗಟ್ಟಿ ಹೇಗೆ ಎಂಬ ಅನುಮಾನ, ಇನ್ನೊಬ್ಬಳಿಗೆ ಅದರಿಂದ ಸಮುದ್ರದ ನೀರು ಸೋಸಬಹುದೇ ಎಂಬ ಕುತೂಹಲ. ಮೀನುಂಡೆ ಅಂಗಡಿಯವನು ಸೌಟು ಹಿಡಿದೇ ಬಂದು, ಎರಡು ಪದರವನ್ನು ನೆಟ್ಟಗಿಡದೆ ಓರೆ ಯಾಕಿಟ್ಟೆ, ಮೇಷ್ಟ್ರು ಬೈಯಲಿಲ್ಲವೇ ಎಂದ. ಬೂನ್ ಕಿಯಾಟ್ ಎರಡು ಜರಡಿ ತರಿಸಿ, ಒಂದರ ಮೇಲೊಂದಿಟ್ಟು ಚೂರೇ ತಿರುಗಿಸಿ ಬೆಳಕಿಗೆ ಹಿಡಿದ. ಬಲೆಯ ಮೇಲೆ ಬಲೆ ಕೂತು ದೊಡ್ಡ ದೊಡ್ಡ ಹೂವಿನಂಥ ಚಿತ್ತಾರ ಎದ್ದಿತು. ಎಲ್ಲರೂ ಅದನ್ನು ಬಾಯಿಬಿಟ್ಟುಕೊಂಡು ನೋಡಿದರು. ಅವನಿಗೂ ಒಂದು ಕ್ಷಣ ಎಲ್ಲ ಮರೆತು ಖುಷಿಯಾಯಿತು.

ಗಡಿಯಾರ ನೋಡಿದರೆ ಎರಡು ಗಂಟೆ. ಮತ್ತೆ ಮೇಜಿನಡಿಗೆ ನುಗ್ಗಿದ.

ಅಷ್ಟರಲ್ಲಿ ಅವನ ಪ್ರಯೋಗಾಲಯದ ಗೆಳತಿ ರುಝೈನಾ ಚಹಾಕ್ಕೆಂದು ಬಂದವಳು, ನೆಲಕ್ಕಂಟಿದ ಅವನನ್ನು ಕಂಡು ವಿಷಯ ತಿಳಿದು ತಲೆ ಚಚ್ಚಿಕೊಂಡಳು. ಹೋಗುವಾಗ ಏನೋ ಹೇಳಿದಳು. ಮೇಜಿನಡಿಯಲ್ಲಿದ್ದ ಅವನಿಗೆ ಅವಳ ಚಪ್ಪಲಿ ಕಂಡಿತೇ ಹೊರತು ಮಾತು ಕೇಳಿಸಲಿಲ್ಲ.

ಮೂರೂ ಕಾಲಾಯಿತು. ಸರದಿಗೆ ಅರ್ಧ ಗಂಟೆ ತಡವಾದರೆ ಕಾದಿರುವ ಇನ್ನೊಬ್ಬರಿಗೆ ಯಂತ್ರ ಬಿಟ್ಟುಕೊಡಬೇಕು, ಅದು ನಿಯಮ. ಕ್ಯಾಂಟೀನ್ ಖಾಲಿಯಾಗಿತ್ತು. ಬೂನ್ ಕಿಯಾಟ್ ಆಂಟಿಯ ಅಂಗಡಿಯ ಮುಂದೆ ಕುಸಿದು ಕೂತ. ಆಂಟಿ ಅವನ ಕೈಗೊಂದು ತುಂಡು ಲಾಪಿಸ್ ಇಟ್ಟು, ಸಮಾಧಾನಕ್ಕೆಂದು ಬೇರೆ ಮಾತು ತೆಗೆದಳು.

"ನಿನ್ನದು ಬಿಡು. ಆ ಕಂಬದ ಹಿಂದಿನ ಮೇಜು ನೋಡು. ಮಧ್ಯಾಹ್ನದಿಂದ ಯಾವನೋ ಹಿಡಿದಿಟ್ಟು ಹೋಗಿದಾನೆ. ಜನ ತಟ್ಟೆ ಹಿಡ್ಕೊಂಡು ನಿಂತೇ ಉಂಡ್ರು. ನಾನೂ ಒರೆಸೋಕೆ ಹೋಗಿಲ್ಲ."

"ನಾನೂ ನೋಡಿದೆ," ಎಂದ ಬೂನ್ ಕಿಯಾಟ್ ಬೇಸರದಿಂದ. "ಅದೊಂದನ್ನ ಬಿಟ್ಟು ಎಲ್ಲ ಮೇಜೂ ಹುಡುಕಿದೆ. ಯಾರೂ ಕೂರದೇ ಇದ್ದದ್ದು ನೋಡಿ, ಯಾರೋ ಹಿಡಿದ ಜಾಗ ಅಂತ ಹತ್ರಾನೂ ಹೋಗ್ಲಿಲ್ಲ. ಇಂಥೋರಿಂದಲೇ ಆಂಟಿ, ಊರಿನ ಮಾನ ಹೋಗೋದು."

"ಟಿಶ್ಯೂನಾದ್ರೂ ಇಟ್ಟಿದಾನಾ ನೋಡಿದ್ರೆ, ಎಂಥದೋ ಪ್ಲಾಸ್ಟಿಕ್ ಡಬ್ಬಿ."

ಬೂನ್ ಕಿಯಾಟ್‌ನ ಬಾಯಲ್ಲಿದ್ದ ಲಾಪಿಸ್ ಅಲ್ಲೇ ನಿಂತಿತು. ಕಂಬಕ್ಕೆ ಎರಡು ಪಕ್ಕ ಇರುತ್ತವೆ, ಊಟದ ಸಾಲಿನಿಂದ ತಾನು ಬಂದದ್ದು ಇನ್ನೊಂದು ಪಕ್ಕಕ್ಕೆ ಎಂಬುದು ನಾಲ್ಕು ವರ್ಷ ಭೌತಶಾಸ್ತ್ರ ಓದಿದವನಿಗೆ ಆಗ ಹೊಳೆಯಿತು.

ಡಬ್ಬಿ ಇಟ್ಟಲ್ಲೇ ಇತ್ತು. ಒಬ್ಬರೂ ಮುಟ್ಟಿರಲಿಲ್ಲ. ಅವನು ಅದನ್ನು ಎದೆಗವುಚಿಕೊಂಡು ವಾಹನ ನಿಲ್ದಾಣಕ್ಕೆ ಅಡ್ಡ ಹಾಯ್ದು, ತಪ್ಪು ಕಟ್ಟಡದ ಮೆಟ್ಟಿಲು ಹತ್ತಿ, ಇಳಿದು, ಸರಿಯಾದದ್ದನ್ನು ಹತ್ತಿ, ಬೆವರು ಸುರಿಸುತ್ತಾ ಯಂತ್ರದ ಕೋಣೆ ಹೊಕ್ಕಾಗ ಮೂರೂ ಮೂವತ್ತೈದು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದರ ಮುಂದಿನ ಸ್ಟೂಲಿನ ಮೇಲೆ, ನಟ್ಟನಡುವೆ, ಒಂದು ಟಿಶ್ಯೂ ಪೊಟ್ಟಣ.

ಬೂನ್ ಕಿಯಾಟ್ ಅದನ್ನು ನೋಡುತ್ತಾ ನಿಂತ. ಐದೇ ನಿಮಿಷ ತಡವಾಗಿ ಸರದಿ ಕೈತಪ್ಪಿತ್ತು. ಪೊಟ್ಟಣ ಸರಿಸಿ ಸಿಲಿಕಾನ್ ಚೂರನ್ನು ಒಳಗಿಡಲು ಎರಡು ನಿಮಿಷ ಸಾಕು. ಕೈ ಚಾಚಿದ. ಅರ್ಧದಾರಿಯಲ್ಲಿ ಕೈ ತಾನಾಗಿ ಹಿಂದೆ ಬಂತು. ಟಿಶ್ಯೂ ಇಟ್ಟವರು ಬಂದಮೇಲೆ ಕೈಕಾಲು ಹಿಡಿದು ಬೇಡಿಕೊಳ್ಳೋಣ ಎಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತ.

ನಾಲ್ಕು ಗಂಟೆಗೆ ಯಂತ್ರ ನೋಡಿಕೊಳ್ಳುವ ಅರುಳಪ್ಪನ್ ಅಂಕಲ್ ಬಂದ. ಒಳಗೆ ಏನೂ ಇಟ್ಟಿಲ್ಲವಲ್ಲ, ಈ ಸರದಿ ನಿನ್ನದಾ ಎಂದು ಕೇಳಿದ.

"ನಂದಲ್ಲ ಅಂಕಲ್. ಅವರದು," ಎಂದು ಬೂನ್ ಕಿಯಾಟ್ ಪ್ರಾಮಾಣಿಕವಾಗಿ ಪೊಟ್ಟಣದ ಕಡೆ ತೋರಿಸಿದ.

ಅವರು ಬರಲಿಲ್ಲವೆಂದರೆ ಯಂತ್ರ ತಣ್ಣಗಿಡುವ ಹೀಲಿಯಂ ಯಾಕೆ ದಂಡ ಮಾಡುವುದು ಎಂದು ಗೊಣಗುತ್ತಾ ಅಂಕಲ್ ಒಂದೊಂದೇ ತಿರುಪು ಮುಚ್ಚಿದ. ರಿಪೇರಿಯ ಚೀಟಿಯನ್ನು ಯಂತ್ರಕ್ಕೆ ಅಂಟಿಸಿ ಹೊರಟುಹೋದ. ಗುಂಯ್‌ಗುಡುವುದು ನಿಂತಿತು.

ಅವನ ಬೆನ್ನಿಗೇ ರುಝೈನಾ ಏದುಸಿರು ಬಿಡುತ್ತಾ ಬಂದಳು. ಇವನನ್ನು ಕರೆಯಲು ಕ್ಯಾಂಟೀನಿಗೆ ಹೋಗಿ, ಡಬ್ಬಿ ಸಿಕ್ಕಿದ ಸುದ್ದಿಯನ್ನೂ ಒಂದು ತುಂಡು ಲಾಪಿಸನ್ನೂ ಆಂಟಿಯಿಂದ ಪಡೆದು ವಾಪಸಾಗಿದ್ದಳು. ಚೀಟಿ ನೋಡಿದಳು. ನೆಲದ ಮೇಲೆ ಕೂತವನನ್ನೂ ಅವನ ತೊಡೆಯ ಮೇಲಿನ ಡಬ್ಬಿಯನ್ನೂ ನೋಡಿದಳು.

"ಮತ್ತೆ ಯಾಕೋ ಒಳಗಿಡಲಿಲ್ಲ?"

"ಯಾರೋ ಜಾಗ ಹಿಡಿದಿದ್ರು."

"ಹೇಳಿ ಹೋಗಿದ್ನಲ್ಲೋ ನಿಂಗೆ," ಎಂದಳು ರುಝೈನಾ. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ನಾನೇ ಇಟ್ಟಿದ್ದು ಅದು. ನಿಂಗೋಸ್ಕರ."

ಬೂನ್ ಕಿಯಾಟ್ ಪೊಟ್ಟಣ ಒಡೆದು ಒಂದು ಟಿಶ್ಯೂ ಎಳೆದ. ಅದು ಎರಡು ಪದರದ್ದು. ಬೆರಳು ತಮ್ಮ ಪಾಡಿಗೆ ತಾವು ಅದರ ಮೂಲೆ ಹುಡುಕಿ, ಎಲ್ಲೂ ಹರಿಯದಂತೆ ನಾಜೂಕಾಗಿ ಬಿಡಿಸಿ ಬೇರೆ ಮಾಡಿದವು. ಒಂದು ಪದರವನ್ನು ರುಝೈನಾಳಿಗೆ ಕೊಟ್ಟು, ಇನ್ನೊಂದರಲ್ಲಿ ಅವನು ಕಣ್ಣೊರೆಸಿಕೊಂಡ.