ರಿಂಗ್ ರೋಡ್ ಕುದುರೆ

ಫ್ಲಾಪಿಯ ಉದ್ದನೆಯ ಕಂಡಿಯಲ್ಲಿ ಕುಂಕುಮದ ಒಂದು ಬೊಟ್ಟಿತ್ತು. ಅದರ ಕೆಳಗೆ ಅರಿಶಿನದ್ದು ಇನ್ನೊಂದು. ಎರಡೂ ಅಳತೆಪಟ್ಟಿ ಹಿಡಿದು ಇಟ್ಟಂತೆ ಅಚ್ಚುಕಟ್ಟಾಗಿದ್ದವು.

ಅಪರಾಧಿಯನ್ನು ಹುಡುಕಲು ತನಿಖೆ ಬೇಕಾಗಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಜಯನಗರದ ಮನೆಗೆ ಕಂಪ್ಯೂಟರ್ ಬಂದಾಗಿನಿಂದ ಆಯುಧಪೂಜೆಯ ದಿನ ಸ್ಕೂಟರ್, ಹೊಲಿಗೆ ಯಂತ್ರ, ಈಳಿಗೆಮಣೆಗಳ ಸಾಲಿಗೆ ಅದೂ ಸೇರಿತ್ತು. ಆಗಿನ ಫ್ಲಾಪಿಗಳು ಹಪ್ಪಳದಷ್ಟು ಅಗಲ, ಹಪ್ಪಳದಷ್ಟೇ ಗಟ್ಟಿ. ಒಳಗಿನ ತೆಳುವಾದ ತಟ್ಟೆ ಕಾಣುವಂತೆ ಒಂದು ಕಂಡಿ ಬೇರೆ.

"ಬೊಟ್ಟಿಡಕ್ಕೇ ಜಾಗ ಬಿಟ್ಟಿದಾರೆ ಅಂದ್ಕೊಂಡೆ ಕಣೇ," ಎಂದಳು ಅಮ್ಮ.

ಆ ಫ್ಲಾಪಿಯಲ್ಲಿದ್ದದ್ದು 'ದಳವಾಯಿ'. ಅಪ್ಪ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದಾಗ, ಸಂಜೆಗಳನ್ನೆಲ್ಲ ಸುರಿದು ಬರೆದ ಚದುರಂಗದ ಪ್ರೋಗ್ರಾಮ್. ಅದರ ಸೋರ್ಸ್ ಕೋಡ್, ಅಂದರೆ ಅಪ್ಪ ಕೈಯಾರೆ ಬರೆದ ಮೂಲ ಸಾಲುಗಳು, ಇದ್ದದ್ದು ಈ ಒಂದೇ ಫ್ಲಾಪಿಯಲ್ಲಿ. ಹಳೆಯ ಕಂಪ್ಯೂಟರ್ ಕಣ್ಣುಮುಚ್ಚಿ ವರ್ಷಗಳಾಗಿದ್ದವು. ದಳವಾಯಿಗೆ ಇಡೀ ಜಗತ್ತಿನಲ್ಲಿ ಒಬ್ಬರೇ ಎದುರಾಳಿ: ಎದುರುಮನೆಯ ಶೇಷಗಿರಿ ಅಂಕಲ್. ಸಂಜೆಯಾದರೆ ಕನ್ನಡಕದ ಡಬ್ಬಿ ಹಿಡಿದು ಬಂದು ಕೂರುತ್ತಿದ್ದರು. ನಾನು ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತ ಅವರ ಜಗಳ ಕೇಳುತ್ತಿದ್ದೆ.

ಜಗಳಕ್ಕೆ ಕಾರಣ ಕುದುರೆ. ಅಪ್ಪನ ಲೆಕ್ಕದಲ್ಲಿ ಎಲ್ಲೋ ಒಂದು ಎಡವಟ್ಟಾಗಿ, ದಳವಾಯಿಯ ಕುದುರೆ ಮಣೆಯ ಬಲ ಅಂಚಿಗೆ ಬಂದರೆ ಆಗೊಮ್ಮೆ ಈಗೊಮ್ಮೆ ಹೊರಗೆ ಹಾರಿ, ಎಡ ಅಂಚಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಬಂದದ್ದೇ ಅಂಕಲ್ಲರ ಆನೆಯನ್ನು ತಿನ್ನುತ್ತಿತ್ತು!

"ಮೋಸ! ಇದು ಕುದುರೆ ಅಲ್ಲ ಸ್ವಾಮಿ, ಬಿ.ಟಿ.ಎಂ. ಕಡೆ ಹೋಗಿ ಬನಶಂಕರೀಲಿ ಬಂತಲ್ಲ!" ಎಂದು ಅಂಕಲ್ ಎದ್ದು ನಿಲ್ಲುತ್ತಿದ್ದರು.

"ರಿಂಗ್ ರೋಡ್ ಮಾಡಿರೋದು ಯಾತಕ್ಕೆ ಮತ್ತೆ?" ಎನ್ನುತ್ತಿದ್ದರು ಅಪ್ಪ.

ನಮ್ಮ ಕಡೆ ಆಗಷ್ಟೇ ರಿಂಗ್ ರೋಡ್ ಆಗಿದ್ದ ಕಾಲ. ಕುದುರೆಗೆ ಆ ಹೆಸರೇ ನಿಂತಿತು.

ಈಗ ಅಂಕಲ್ ಮನೆ ಮಾರಿದ್ದರು. ಸೋಮವಾರ ಬೆಳಿಗ್ಗೆ ಲಾರಿ, ಆಮೇಲೆ ಅರೆಕೆರೆಯ ಫ್ಲಾಟು. ಅಪ್ಪ ಕಾಂಪೌಂಡಿನ ಬಳಿ ನಿಂತು ಅವರಿಗೆ ಮಾತು ಕೊಟ್ಟುಬಿಟ್ಟಿದ್ದರು: "ಹೋಗೋಕ್ ಮುಂಚೆ ದಳವಾಯಿ ಜೊತೆ ಒಂದ್ ಆಟ ಆಡೇ ಹೋಗ್ಬೇಕು ನೀವು." ಮಾತು ಕೊಟ್ಟು ಒಳಗೆ ಬಂದು ನನ್ನ ಮುಖ ನೋಡಿದರು.

ನಾನು ಆಗತಾನೆ ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಹೆಚ್ಚು ಮಾತನಾಡದವಳು, ಆದರೆ ಮಾಡಿದ ಕೆಲಸ ಕರಾರುವಾಕ್ಕು ಎಂಬ ಖ್ಯಾತಿ ನನಗಿತ್ತು. ಖ್ಯಾತಿಯನ್ನು ಹಬ್ಬಿಸಿದವಳು ನಾನೇ.

"ಒಂದು ಗಂಟೆ ಕೆಲಸ ಅಪ್ಪ," ಎಂದೆ.

ಮೊದಲು ಬೊಟ್ಟುಗಳನ್ನು ತೆಗೆಯಬೇಕಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಶಸ್ತ್ರಚಿಕಿತ್ಸಕಿಯ ಗಾಂಭೀರ್ಯದಿಂದ ಒರೆಸಿದೆ. ಒಣಗಿ ತೆಪ್ಪಗಿದ್ದ ಕುಂಕುಮ ಕರಗಿ, ಅರಿಶಿನದೊಡನೆ ಬೆರೆತು, ತಟ್ಟೆಯ ಉದ್ದಗಲಕ್ಕೂ ಕೇಸರಿಯಾಗಿ ಹರಡಿತು. ವೈಜ್ಞಾನಿಕ ವಿಧಾನಕ್ಕೆ ಸಂದ ಮೊದಲ ಜಯ!

ಅಂಥ ಫ್ಲಾಪಿ ಓದುವ ಡ್ರೈವ್ ಫೋರ್ತ್ ಬ್ಲಾಕಿನ ಒಂದು ಸಣ್ಣ ಅಂಗಡಿಯಲ್ಲಿತ್ತು. ಅಂಗಡಿಯಾತ ಫ್ಲಾಪಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮೇಡಂ, ಇದನ್ನ ಓದಿಸ್ಬೇಕೋ, ಮಂಗಳಾರತಿ ಮಾಡ್ಬೇಕೋ?"

"ಕ್ಲೀನ್ ಮಾಡಿದೀನಿ. ನೀವು ಹಾಕಿ," ಎಂದೆ ತಣ್ಣಗೆ.

ಹಾಕಿದ. ಒಳಗಿನಿಂದ ಚಟ್ನಿ ರುಬ್ಬುವ ಸದ್ದು ಬಂತು. ನಂತರ ಸದ್ದೇ ಬರಲಿಲ್ಲ. ಆತ ಫ್ಲಾಪಿಯನ್ನು ಹೊರಗೆಳೆದು, ಡ್ರೈವಿನ ಬಾಯಿಗೆ ಟಾರ್ಚ್ ಬಿಟ್ಟು, ನಿಟ್ಟುಸಿರಿಟ್ಟ. "ನಮ್ ಡ್ರೈವ್‌ಗೂ ಬೊಟ್ಟಾಯ್ತು ಮೇಡಂ. ಹಬ್ಬ ಇನ್ನೂ ದೂರ ಇತ್ತು."

ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮನಿಗೆ ಪಿಸುಗುಟ್ಟಿದೆ. ಅಮ್ಮ ಒಗ್ಗರಣೆಯಿಂದ ಕಣ್ಣು ತೆಗೆಯದೆ ಕೇಳಿದಳು: "ನಿಮ್ಮಪ್ಪ ಉದ್ದುದ್ದ ಪೇಪರ್ ಪ್ರಿಂಟ್ ಮಾಡಿ ತಂದಿದ್ರಲ್ಲ, ಅಂಚಲ್ಲಿ ತೂತು ತೂತು ಇರೋದು? ಅದಲ್ವಾ?"

"ಅದೆಲ್ಲಿದೆ?"

"ಇಲ್ಲೇ. ಶೆಲ್ಫಿಗೆ ಹಾಸಿದೀನಿ. ಎಂಥ ಗಟ್ಟಿ ಕಾಗದ ಅಂತೀಯ!"

ತೊಗರಿಬೇಳೆಯ ಡಬ್ಬಿ ಎತ್ತಿದೆ. ಕೆಳಗೆ ದಳವಾಯಿ ಮಲಗಿದ್ದ! ಮೆಂತ್ಯದ ಕೆಳಗೆ ಕಾಲಾಳುಗಳು, ಕಡಲೆಬೇಳೆಯ ಕೆಳಗೆ ಒಂಟೆ. ಕುದುರೆಯ ಪುಟ ಮಾತ್ರ ಉಪ್ಪಿನಕಾಯಿ ಜಾಡಿಯ ಕೆಳಗಿದ್ದು, ಎಣ್ಣೆ ಕುಡಿದು ಗಾಜಿನಂತಾಗಿತ್ತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹಾಲಿಗೆ ಸಾಗಿಸಿ, ಕಾಗದ ಬಿಡಿಸಿ, ಹೊಸ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದೇ ಸಾಲನ್ನು ಟೈಪ್ ಮಾಡತೊಡಗಿದೆ. ಯಾರಿಗೂ ತಿಳಿಯಬಾರದೆಂಬುದು ನನ್ನ ಯೋಜನೆ. ಅಮ್ಮ ಅದನ್ನು ಕಾಂಪೌಂಡಿನ ಬಳಿ ನಿಂತು ಇಡೀ ರಸ್ತೆಗೆ ಗುಟ್ಟಾಗಿ ಹೇಳಿದಳು. ಸಂಜೆಯ ವೇಳೆಗೆ ಶೇಷಗಿರಿ ಅಂಕಲ್ಲರ ಪತ್ನಿ ಪದ್ಮಾ ಆಂಟಿ ಕಿಟಕಿಯಲ್ಲಿ ಇಣುಕಿ, "ಆನೆವರೆಗೂ ಬಂದ್ಯೇನೇ?" ಎಂದು ವಿಚಾರಿಸಿದರು.

ಟೈಪ್ ಮಾಡುತ್ತ ಮಾಡುತ್ತ ಅಪ್ಪನ ಸಂಜೆಗಳೆಲ್ಲ ನನ್ನ ಬೆರಳಿಗೆ ಬಂದವು. ಒಂದು ಕಡೆ, ಸಾಲುಗಳ ನಡುವೆ, 'ಇಲ್ಲಿ ಮಗು ಅತ್ತಿತು, ನಾಳೆ ನೋಡೋಣ' ಎಂದು ಬರೆದುಕೊಂಡಿದ್ದರು. ಅದನ್ನೂ ಅಕ್ಷರ ಬಿಡದೆ ಟೈಪ್ ಮಾಡಿದೆ.

ಹಾಗೆಯೇ ಮುಂದುವರಿದಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಕುದುರೆಯ ಪುಟಕ್ಕೆ ಬಂದೆ. ಎಣ್ಣೆಯ ಕಲೆಯ ನಡುವೆಯೂ ತಪ್ಪು ಸ್ಪಷ್ಟವಾಗಿ ಕಂಡಿತು. ಮಣೆಯ ಅಂಚು ದಾಟಿತೇ ಎಂದು ಪರೀಕ್ಷಿಸುವ ಸಾಲೇ ಅಲ್ಲಿರಲಿಲ್ಲ. ಅಂಕಲ್ ಇಷ್ಟು ವರ್ಷ ಅನುಭವಿಸಿದ ಅನ್ಯಾಯ ನೆನಪಾಯಿತು. ಹೊರಡುವ ಮುನ್ನ ಅವರಿಗೆ ನ್ಯಾಯ ಸಿಗಬೇಕು! ಒಂದು ಸಾಲು ಸೇರಿಸಿದೆ. ಕುದುರೆ ಸರಿಹೋಯಿತು.

ಭಾನುವಾರ ಅಂಕಲ್ ಅದೇ ಕನ್ನಡಕದ ಡಬ್ಬಿ ಹಿಡಿದು ಬಂದರು. ಪರದೆಯ ಮೇಲೆ ದಳವಾಯಿ ಮೂಡಿದಾಗ ಅಪ್ಪ ನನ್ನ ತಲೆ ಸವರಿದರು. ನಾನು ವಿನಯದಿಂದ ನೆಲ ನೋಡಿದೆ. ಆಟ ಶುರುವಾಯಿತು. ಅಂಕಲ್ ಬೇಕೆಂದೇ ದಾರಿ ಬಿಟ್ಟುಕೊಟ್ಟು ಕುದುರೆಯನ್ನು ಬಲ ಅಂಚಿಗೆ ಕರೆತಂದರು. ಕುರ್ಚಿಯ ತುದಿಗೆ ಸರಿದು, ಎದ್ದು ನಿಲ್ಲಲು ಸಿದ್ಧರಾಗಿ, "ಬರ್ಲಿ, ಬರ್ಲಿ, ರಿಂಗ್ ರೋಡ್ ಮೇಲೆ ಬರ್ಲಿ," ಎಂದು ಕೈ ಉಜ್ಜಿದರು.

ಕುದುರೆ ಮರ್ಯಾದೆಯಿಂದ ಹಿಂದಕ್ಕೆ ಬಂತು.

ಅಂಕಲ್ ಕಾದರು. ಮತ್ತೆ ಬಲ ಅಂಚಿಗೆ ಕರೆತಂದರು. ಮತ್ತೆ ಅದೇ ಮರ್ಯಾದೆ. ಕೊನೆಗೆ ಅಂಕಲ್ ಗೆದ್ದರು. ಗೆದ್ದವರು ಕನ್ನಡಕ ಮಡಚಿ ಡಬ್ಬಿಗೆ ಹಾಕಿ, "ಚೆನ್ನಾಗಿತ್ತು. ಬರ್ತೀನಿ, ಪ್ಯಾಕಿಂಗ್ ಇದೆ," ಎಂದು ಹೊರಟರು. ಅವರು ಅಷ್ಟು ಮೆತ್ತಗೆ ಮಾತನಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅಪ್ಪ ನನ್ನತ್ತ ತಿರುಗಿದರು. "ಕುದುರೆಗೆ ಏನ್ ಮಾಡ್ದೆ?"

"ಸರಿ ಮಾಡ್ದೆ."

"ಯಾರ್ ಕೇಳಿದ್ರು?"

"ತಪ್ಪಿತ್ತಲ್ಲ ಅಪ್ಪ!"

"ತಪ್ಪು ಅಂತ ನಂಗ್ ಗೊತ್ತಿರ್ಲಿಲ್ವೇನೇ? ಹಿಂದೆ ಒಂದ್ಸಲ ನಾನೂ ಸರಿ ಮಾಡಿದ್ದೆ. ಒಂದ್ ವಾರ ಆ ಮನುಷ್ಯ ಈ ಕಡೆ ತಲೆ ಹಾಕ್ಲಿಲ್ಲ. ಕಾಫಿಗೂ ಬರ್ಲಿಲ್ಲ. ಮತ್ತೆ ಕೆಡಿಸಿಟ್ಟೆ. ಕಾಪಾಡು ಅಂದ್ರೆ ಇದ್ದ ಹಾಗೆ ಕಾಪಾಡ್ಬೇಕು. ರಿಪೇರಿ ಯಾರಿಗ್ ಬೇಕಿತ್ತು?"

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಇವ್ಳು ಡಬ್ಬಿಗಳ್ನೂ ಸರಿ ಮಾಡಿಟ್ಟಿದಾಳೆ. ನಂಗೆ ಜೀರಿಗೆ ಸಿಕ್ತಿಲ್ಲ!"

ಮರುದಿನ ಬೆಳಿಗ್ಗೆ ಲಾರಿ ಬರುವ ಮುನ್ನ ಎದ್ದು, ಎಂ.ಎಸ್ಸಿ. ಪದವೀಧರೆಯಾದ ನಾನು, ಸರಿಯಾಗಿದ್ದ ಪ್ರೋಗ್ರಾಮನ್ನು ಕೆಡಿಸಲು ಕುಳಿತೆ. ಒಂದು ಸಾಲು ಅಳಿಸಿದರೆ ಸಾಕಿತ್ತು. ಎದುರುಮನೆಯ ಗೇಟಿನಲ್ಲಿ ಲಾರಿಯ ಹಾರನ್ ಕೇಳಿ ಗಾಬರಿಯಲ್ಲಿ ಎರಡು ಅಳಿಸಿದೆ. ಅಪ್ಪ ಅಂಕಲ್ಲರನ್ನು ಕೈಹಿಡಿದು ಎಳೆತಂದರು. ಬೀರು ಲಾರಿ ಹತ್ತುತ್ತಿದ್ದಾಗ ಇಲ್ಲಿ ಕುದುರೆ ಅಂಚಿನಿಂದ ಹಾರಿತು. ಅಂಕಲ್ ಛಂಗನೆ ಎದ್ದರು. "ಮೋಸ! ಬಂತು ನೋಡ್ರೀ ರಿಂಗ್ ರೋಡ್ ಕುದುರೆ!" ಮರುಗಳಿಗೆ ದಳವಾಯಿಯ ಆನೆಯೂ ಅದೇ ದಾರಿಯಲ್ಲಿ ಬಂದು ಅವರ ಮಂತ್ರಿಯನ್ನು ತಿಂದಿತು.

"ಇದ್ಯಾವುದು ಸ್ವಾಮಿ ಇದು? ಆನೆಗೂ ಪರ್ಮಿಟ್ ಕೊಟ್ರಾ?" ಎಂದು ಅಂಕಲ್ ಮೇಜು ಗುದ್ದಿದರು. ಅಪ್ಪ ನನ್ನತ್ತ ನೋಡಿದರು. ಆನೆ ನನ್ನ ಸ್ವಂತ ಕೊಡುಗೆಯಾಗಿತ್ತು.

"ರೀ, ಡ್ರೈವರ್ ಬೈತಿದಾನೆ!" ಎಂದು ಪದ್ಮಾ ಆಂಟಿ ಕೂಗುವವರೆಗೂ ಜಗಳ ನಡೆಯಿತು.

ಆನೆಯನ್ನು ಸರಿಮಾಡುವ ಆಸೆಯನ್ನು ಅದುಮಿಕೊಂಡೆ. ಎಲ್ಲವನ್ನೂ ಇದ್ದ ಹಾಗೆ ಸಿ.ಡಿ.ಗೆ ಇಳಿಸಿದೆ. ಅಮ್ಮ ಕುಂಕುಮದ ಭರಣಿ ತಂದಾಗ ಈ ಬಾರಿ ನಾನೇ ಬೊಟ್ಟಿಟ್ಟೆ, ಸಿ.ಡಿ.ಗಲ್ಲ, ಅದರ ಡಬ್ಬಿಯ ಹೊರಗೆ, ಕರಾರುವಾಕ್ಕಾಗಿ. ಡಬ್ಬಿಯನ್ನು ಎರಡೂ ಕೈಯಿಂದ ಅಂಕಲ್ಲರಿಗೆ ಕೊಟ್ಟೆ. ಅವರ ಕಣ್ಣು ಒದ್ದೆಯಾಗಿತ್ತು. ಲಾರಿ ತಿರುವು ದಾಟಿತು.

ಒಳಗೆ ಬಂದು ಕಂಪ್ಯೂಟರ್ ಆರಿಸಲು ಹೋದೆ. ಸಿ.ಡಿ. ಡ್ರೈವಿನಲ್ಲೇ ಇತ್ತು!

ರಸ್ತೆಯವರೆಲ್ಲ ನೋಡುತ್ತಿರುವಾಗ, ಹೆಚ್ಚು ಮಾತನಾಡದ ನಾನು "ಅಂಕಲ್! ಅಂಕಲ್!" ಎಂದು ಕಿರುಚುತ್ತ ಬರಿಗಾಲಿನಲ್ಲಿ ಬಸ್ ಸ್ಟ್ಯಾಂಡಿನವರೆಗೂ ಓಡಿದೆ. ಹೊರಡುತ್ತಿದ್ದ ಬಸ್ಸಿನ ಕಂಬಿ ಹಿಡಿದು, ಅರೆಕೆರೆಗೆ ಹೋಗುತ್ತಾ ಎಂದು ಕೇಳಿದೆ.

ಕಂಡಕ್ಟರ್ ನನ್ನ ಕಾಲನ್ನೂ ಕೈಯಲ್ಲಿದ್ದ ಸಿ.ಡಿ.ಯನ್ನೂ ನೋಡಿದ. "ನೆಟ್ಟಗೆ ಹೋಗಲ್ಲ ಮೇಡಂ. ಬನಶಂಕರಿಗೆ ಹೋಗಿ, ರಿಂಗ್ ರೋಡ್ ಸುತ್ಕೊಂಡು ಹೋಗುತ್ತೆ. ಪರವಾಗಿಲ್ವಾ?"

ಹತ್ತಿದೆ.