ಉಪ್ಪಿನಕಾಯಿ ಡಬ್ಬಿಗೆ ಸಿಕ್ಕ ಕಳ್ಳ

"ವಾರದೊಳಗ ಈ ಕಳ್ಳನ್ನ ಹಿಡೀಲಿಲ್ಲಂದ್ರ ನನ್ನ ಹೆಸರು ಉಳಿವೆಪ್ಪನ ಅಲ್ಲ!"

ಸವಣೂರಿನ ಎಲೆ ವ್ಯಾಪಾರಿ ಉಳಿವೆಪ್ಪ ಮೀಸೆ ತಿರುವಿದ.

"ಹಂಗಾರ ಮುಂದಿನ ವಾರದಿಂದ ಏನಂತ ಕರೀಲ್ರಿ?" ಎಂದಳು ಹೆಂಡತಿ ನಾಗರತ್ನಾ, ರೊಟ್ಟಿ ಬಡಿಯುತ್ತಲೇ.

ಸಂಗತಿ ಇಷ್ಟೇ. ಬಿಸಿಲು ಇಳಿಯುತ್ತಲೇ ಡ್ರೈವರ್ ಮಲ್ಲಿಕಸಾಬ ವೀಳ್ಯದೆಲೆ ಬುಟ್ಟಿ ಹೇರಿಕೊಂಡು ಹುಬ್ಬಳ್ಳಿಗೆ ಹೊರಡುತ್ತಿದ್ದ. ಗಾಡಿಗೆ ಹಾಕಿಸಿದ್ದ ಜಿಪಿಎಸ್ ಉಪಗ್ರಹಗಳ ಸಿಗ್ನಲ್ ಹಿಡಿದು, ಗಾಡಿ ಎಲ್ಲಿದೆಯೆಂದು ಉಳಿವೆಪ್ಪನ ಫೋನಿನಲ್ಲಿ ತೋರಿಸುತ್ತಿತ್ತು. ಆದರೆ ದಿನವೂ ಹೊತ್ತು ಮುಳುಗುವಾಗ, ಬಂಕಾಪುರದ ಹತ್ತಿರ, ಗಾಡಿ ನಕಾಶೆಯಿಂದ ಮಾಯ! ಹುಬ್ಬಳ್ಳಿಯಲ್ಲೇ ಮತ್ತೆ ಪ್ರತ್ಯಕ್ಷ. ನಡುವೆ ಎಲೆ ಇಳಿಸಿ ಮಾರಿಕೊಳ್ಳುತ್ತಾನೆಯೇ? ಉಪಗ್ರಹದ ಸಿಗ್ನಲ್ಲಿಗೆ ಅಡ್ಡಗಾಲು ಹಾಕುವ ಜಾಮರ್ ಎಂಬುದೊಂದು ಇದೆಯೆಂದು ಉಳಿವೆಪ್ಪ ವಿಡಿಯೊದಲ್ಲಿ ನೋಡಿದ್ದ. ಕೇಳಿದರೆ ಮಲ್ಲಿಕಸಾಬ ಹೋದಾನು, ಕೇಳದಿದ್ದರೆ ಎಲೆ ಹೋದಾವು. ನಿದ್ದೆಯಂತೂ ಆಗಲೇ ಹೋಗಿತ್ತು!

ಚಪ್ಪಲಿ ಜೋಡಿಗಿಂತ ಸೋವಿಯ ಜಿಪಿಎಸ್ ಬಿಲ್ಲೆಯೊಂದನ್ನು ತರಿಸಿ, ಹಳೆಯ ಫೋನಿಗೆ ಜೋಡಿಸಿ, ಉಪ್ಪಿನಕಾಯಿ ಡಬ್ಬಿಯಲ್ಲಿ ಕೂರಿಸಿದ. ಉಪಗ್ರಹಗಳ ಸಿಗ್ನಲ್ ಪರದೆಯ ಮೇಲೆ ಹಸಿರು ಕಡ್ಡಿಗಳಾಗಿ ನಿಲ್ಲುತ್ತಿತ್ತು. ಕಡ್ಡಿಗಳೆಲ್ಲ ಒಟ್ಟಿಗೇ ಮಲಗಿದರೆ ಹತ್ತಿರದಲ್ಲೇ ಜಾಮರ್. ಆಗ ಡಬ್ಬಿ "ಕುಂಯ್" ಎಂದು ಕೂಗಬೇಕು.

"ಉಪ್ಪಿನಕಾಯಿ ಎಲ್ಲಿ ಹಾಕಿದ್ರಿ?"

"ದೊಡ್ಡ ಕೆಲಸಕ್ಕ ಸಣ್ಣ ತ್ಯಾಗ ಬೇಕ!"

ಅಮಾವಾಸ್ಯೆಯಂದು ಗಾಡಿಗೆ ರಜೆ. ಉಳಿವೆಪ್ಪ ಮಲ್ಲಿಕಸಾಬನನ್ನು ಚಹಾಕ್ಕೆ ಕರೆದು, ಕಟ್ಟೆಯ ಮೇಲೆ ಕೂರಿಸಿ, ಟವೆಲ್ಲಿನಡಿ ಡಬ್ಬಿ ಇಟ್ಟ. ಡಬ್ಬಿ ತೆಪ್ಪಗಿತ್ತು. ಹೊತ್ತು ಮುಳುಗಿತು.

ಕುಂಯ್!

"ತೆಗಿ ಹೊರಗ!"

"ಏನ್ರಿ ಸಾವ್ಕಾರ್ರ?"

"ಕಿಸೇದಾಗಿಂದು!"

ಬಾಚಣಿಗೆ ಬಂತು, ಅಡಿಕೆ ಚೀಲ ಬಂತು, ಮೊಮ್ಮಗಳಿಗೆ ಕೊಂಡ ಗಿಲಕಿ ಬಂತು. ಕಡ್ಡಿಗಳು ಮಾತ್ರ ಏಳಲಿಲ್ಲ. ಉಳಿವೆಪ್ಪ ಜಾಮರ್ ಎಲ್ಲಿ ಎಂದೇ ಕೇಳಿಬಿಟ್ಟ.

"ನನ್ನ ಮ್ಯಾಲೆ ಸಂಶೇನ್ರಿ?" ಮಲ್ಲಿಕಸಾಬ ಎದ್ದು ನಿಂತ. "ತಗೋರಿ ನಿಮ್ಮ ಕೀಲಿ."

ಕೀಲಿ ಇಟ್ಟು ನಡೆದೇಬಿಟ್ಟ. ಓಣಿಯ ತಿರುವು ದಾಟಿದ. ಡಬ್ಬಿ ಇನ್ನೂ ಕೂಗುತ್ತಲೇ ಇತ್ತು!

ಉಳಿವೆಪ್ಪನಿಗೆ ಬೆವರು ಕಿತ್ತುಕೊಂಡಿತು. ಕಳ್ಳ ಮನೆಯೊಳಗೇ ಇದ್ದಾನೆ!

"ನಾಗೂ, ಎಲ್ಲಾ ಬಟನ್ ಒಂದೊಂದ ಆರಿಸು!"

ಫ್ಯಾನು ನಿಂತಿತು, ಟಿವಿ ಸತ್ತಿತು, ಡಬ್ಬಿ ಜಗ್ಗಲಿಲ್ಲ. ಒಮ್ಮೆಲೇ ಕಡ್ಡಿಗಳೆಲ್ಲ ಸಟಕ್ಕನೆ ಎದ್ದು ನಿಂತವು.

"ಈಗ ಯಾವುದು ಆರಿಸಿದಿ?"

"ಬಸವಣ್ಣನ ಫೋಟೋದ ದೀಪದ ಸರ ರೀ. ದಸರಾಕ್ಕ ಸೋವಿ ಅಂತ ನೀವ ಜೋಡಿ ತಂದ್ರಲ್ಲ, ಒಂದು ಮನಿಗೆ, ಒಂದು ಗಾಡಿಗೆ? ದೀಪ ಹಚ್ಚೋ ಹೊತ್ತಿಗೆ ಗಾಡ್ಯಾಗಿಂದೂ ಹಚ್ಚಪಾ ಅಂತ ಸಾಬಣ್ಣಗ ನಾನ ಹೇಳೇನಿ. ಪಾಪ, ಒಂದಿನಾನೂ ತಪ್ಪಿಸಿಲ್ಲ."

ಆ ಸೋವಿ ಸರದ ಕರೆಂಟಿನ ಗದ್ದಲವೇ ಅಷ್ಟೂ ಉಪಗ್ರಹಗಳ ಬಾಯಿ ಮುಚ್ಚಿಸುತ್ತಿತ್ತು!

ಉಳಿವೆಪ್ಪ ಕೀಲಿ ಹಿಡಿದು ಬರಿಗಾಲಲ್ಲಿ ಓಡಿದ. ಮಲ್ಲಿಕಸಾಬ ಚಹಾದಂಗಡಿಯಲ್ಲಿ ಕುಳಿತಿದ್ದ.

"ತಪ್ಪಾತಪಾ. ಬಾ."

ಮಲ್ಲಿಕಸಾಬ ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟ. ಆಮೇಲೆ ಅಂದ: "ಬರ್ತೇನ್ರಿ. ಆದ್ರ ದೀಪ ಆರಿಸಂಗಿಲ್ರಿ. ಅಕ್ಕಾರಿಗೆ ಮಾತು ಕೊಟ್ಟೇನಿ."

ಮರುದಿನ ಹೊತ್ತು ಮುಳುಗಿತು. ಬಂಕಾಪುರದ ಹತ್ತಿರ ಗಾಡಿ ಮಾಯ. ದೀಪ ಹತ್ತಿತೆಂದು ಉಳಿವೆಪ್ಪ ಚಪ್ಪಲಿ ಕಳಚಿ ಫೋನಿಗೇ ಕೈಮುಗಿದ.

ನಾಗರತ್ನಾ ಡಬ್ಬಿಗೆ ಉಪ್ಪಿನಕಾಯಿ ತುಂಬುತ್ತಿದ್ದಳು. "ಕಳ್ಳನ್ನ ವಾರದೊಳಗ ಹಿಡದ್ರಲ್ರಿ," ಎಂದಳು. "ಉಳಿವೆಪ್ಪ ಅನ್ನೋ ಹೆಸರ ಇರ್ಲಿ ಬಿಡ್ರಿ, ಕಳ್ಳಗೂ ಹಿಡದಾವಗೂ ಇಬ್ಬರಿಗೂ ಅದೊಂದ ಸಾಕಾಕ್ಕತಿ."